ನನ್ನ ಪಾತ್ರೆ ಅಂಗಡಿಯೂ ಎದುರಿನ ಗಾಜಿನ ಬಾಗಿಲೂ

ಪಾತ್ರೆ ಅಂಗಡಿ ಇಟ್ಟುಕೊಂಡವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಬಸ್ಸಿಳಿದು, ಚೀಲ ಹಿಡಿದುಕೊಂಡು, ತಾನೇ ಮೆಟ್ಟಿಲು ಹತ್ತಿ ಒಳಗೆ ಬರುತ್ತದೆ. ಕೆ.ಆರ್. ಪೇಟೆಯ ಬಸ್ ನಿಲ್ದಾಣದ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಸ್ಟೀಲು, ಹಿತ್ತಾಳೆ ಪಾತ್ರೆ ಮಾರುತ್ತಿದ್ದೇನೆ. ನಮ್ಮದು ಅಕ್ಕಸಾಲಿಗರ ಮನೆತನ. ಚಿನ್ನದ ಕೆಲಸ ಅಪ್ಪನ ಕಾಲಕ್ಕೇ ಕಡಿಮೆಯಾಯಿತು, ಆದರೂ ಗಿರಾಕಿಗಳಿಗೆಲ್ಲ ನಾನು ಇವತ್ತಿಗೂ ಆಚಾರ್ರೇ.

ಹೋದ ವರ್ಷ ನಮ್ಮ ಅಂಗಡಿಯ ಎದುರಿಗೇ ಒಂದು ದೊಡ್ಡ ಪಾತ್ರೆ ಮಳಿಗೆ ಬಂತು. ಗಾಜಿನ ಬಾಗಿಲು, ಒಳಗೆ ಏಸಿ, ಒಂದೇ ಥರದ ಬಟ್ಟೆ ತೊಟ್ಟ ಹುಡುಗಿಯರು. ನನ್ನ ಹಳೇ ಗಿರಾಕಿಗಳು ನನ್ನ ಕಡೆ ಒಮ್ಮೆ ನೋಡಿ, ಸ್ವಲ್ಪ ನಾಚಿಕೊಂಡು, ರಸ್ತೆ ದಾಟತೊಡಗಿದರು. ನನಗೆ ನಿಜವಾಗಿಯೂ ಭಯವಾಯಿತು. ಅಂಗಡಿಯನ್ನು ಮೊಬೈಲ್ ಮಾರುವವರಿಗೆ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಆರಾಮಾಗಿರಿ ಎಂದು ಭಾವಮೈದ ಬುದ್ಧಿ ಹೇಳಿದ. ಹೆಂಡತಿ ಮಾತ್ರ, ಈ ಸಲದ ಲಗ್ನದ ಸೀಸನ್ ಮುಗಿಯಲಿ, ಆಗಲೂ ಹೀಗೇ ಇದ್ದರೆ ಬಾಗಿಲು ಹಾಕೋಣ ಎಂದಳು. ಅಲ್ಲಿಗೆ ನನಗೆ ಸಿಕ್ಕಿದ್ದು ಮೂರು ತಿಂಗಳು.

೧. ಕೈ ಮುಗಿದದ್ದು

ವ್ಯಾಪಾರಿಗಳಿಗೆಂದು ಮೈಸೂರಿನಲ್ಲಿ ಒಂದು ದಿನದ ತರಗತಿ ಇತ್ತು. ಊಟ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದರಿಂದ ಹೋದೆ. ಗಿರಾಕಿ ಬಂದಾಗ ಕೂತಿರಬಾರದು, ಬಾಗಿಲಿಗೇ ಬಂದು ನಗುತ್ತ ಕೈ ಮುಗಿಯಬೇಕು ಎಂದು ಟೈ ಕಟ್ಟಿದ ಮೇಷ್ಟರೊಬ್ಬರು ಹೇಳಿಕೊಟ್ಟರು. ನಾನೋ, ಅಷ್ಟು ವರ್ಷವೂ ಸ್ಟೂಲಿನಿಂದ ಏಳದೆ ಏನು ಬೇಕು ಎಂದು ಕೇಳಿಕೊಂಡು ಬಂದವನು.

ಮಾರನೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಶೀಳನೆರೆಯ ರೈತರೊಬ್ಬರು, ಹಳೇ ಪರಿಚಯದವರು, ಬಂದರು. ಎರಡೂ ಕೈ ಜೋಡಿಸಿ, ಹಲ್ಲೆಲ್ಲ ಕಾಣುವಂತೆ ನಕ್ಕೆ. ಅವರು ಮೆಟ್ಟಿಲ ಮೇಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾವ ವಾರ್ಡಿಗೆ ನಿಂತ್ಕಂಡ್ರಿ ಆಚಾರ್ರೆ? ನಮ್ದು ಓಟು ಊರಲ್ಲೈತೆ ಕಣ್ರೀ, ಇಲ್ಲಿಲ್ಲ."

ಚುನಾವಣೆಗೆ ನಿಂತಿಲ್ಲ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಕೂರಿಸಿ ಮಾತಾಡೋಣವೆಂದು ಕಾಫಿ ತರಿಸಿದೆ. ಕಾಫಿ ಬಂದ ಮೇಲೆ ಅವರ ಅನುಮಾನ ಇನ್ನೂ ಗಟ್ಟಿಯಾಯಿತು.

೨. ಒಂದೇ ದರ

ಎದುರಿನ ಮಳಿಗೆಯಲ್ಲಿ ಪ್ರತಿ ಪಾತ್ರೆಗೂ ಬೆಲೆಯ ಚೀಟಿ ಅಂಟಿಸಿರುತ್ತಿದ್ದರು. ಚೌಕಾಸಿ ಇಲ್ಲದಿರುವುದೇ ಅವರ ಗೌರವದ ಗುಟ್ಟು ಎಂದು ನನಗೆ ಅನ್ನಿಸಿತು. ನಾನೂ 'ಒಂದೇ ದರ' ಎಂದು ಕೆಂಪು ಅಕ್ಷರದಲ್ಲಿ ಬೋರ್ಡು ಬರೆಸಿ, ಬಂದವರಿಗೆ ಮೊದಲು ಅದೇ ಕಾಣುವಂತೆ ತೂಗುಹಾಕಿದೆ.

ಕಿಕ್ಕೇರಿಯ ಹೆಂಗಸೊಬ್ಬರು ಇಡ್ಲಿ ಪಾತ್ರೆಯ ಬೆಲೆ ಕೇಳಿದರು. ಒಂಬೈನೂರು ಎಂದೆ. ಅವರು ಬಾಯಿ ತೆಗೆಯುವ ಮುಂಚೆಯೇ ಬೋರ್ಡಿನ ಕಡೆ ಬೆರಳು ತೋರಿಸಿದೆ. ಅವರು ಅಕ್ಷರ ಅಕ್ಷರ ಕೂಡಿಸಿ ಓದಿ, ಬಹಳ ಮೆಚ್ಚಿಕೊಂಡು ತಲೆಯಾಡಿಸಿದರು.

"ಒಳ್ಳೇದಾಯ್ತು ಬುಡಿ. ಅತ್ತಗೊಂದು ಇತ್ತಗೊಂದು ಮಾತಾಡೋದು ತಪ್ತು. ಆ ಒಂದೇ ದರವ ಏಳ್ನೂರು ಮಾಡ್ಕಂಡ್ಬುಡಿ."

ಅರ್ಧ ಗಂಟೆ ಕಾದಾಡಿ ಎಂಟುನೂರಕ್ಕೆ ಕೊಟ್ಟೆ. ಹೋಗುವಾಗ ಅವರೇ, ಬೋರ್ಡು ಚೆನ್ನಾಗಿದೆ, ತೆಗೆಯಬೇಡಿ ಎಂದು ಹೇಳಿ ಹೋದರು.

೩. ಎಲ್ಲರೂ ಹಿಡಿಯುವ ಪಾತ್ರೆ

ನಮ್ಮ ಕಡೆ ಮದುವೆಗೆ ಪಾತ್ರೆ ಕೊಟ್ಟರೆ ಕೊಟ್ಟವರ ಹೆಸರು ಅದರ ಮೇಲೆ ಕೊರೆದಿರಬೇಕು. ಹೆಸರಿಲ್ಲದ ಪಾತ್ರೆ ಕೊಟ್ಟರೆ ಕೊಟ್ಟ ಲೆಕ್ಕಕ್ಕೇ ಬರುವುದಿಲ್ಲ. ಎದುರಿನವರಲ್ಲಿ ಆ ಕೆಲಸ ಇರಲಿಲ್ಲ. ನನ್ನದು ಅಕ್ಕಸಾಲಿಗರ ಕೈ. ಎಷ್ಟು ಅಕ್ಷರವಾದರೂ ಪುಕ್ಕಟೆಯಾಗಿ ಹಾಕಿಕೊಡಿ ಎಂದು ಹೆಂಡತಿ ಹೇಳಿದಳು. ಮೈಸೂರಿನ ಮೇಷ್ಟರಿಗಿಂತ ಇವಳೇ ವಾಸಿ ಎನ್ನಿಸಿತು.

ನಾಗಮಂಗಲದ ಕಡೆಯವರೊಬ್ಬರು ಅಂಗೈಯಗಲದ ಒಂದು ಚೊಂಬು ಆರಿಸಿದರು. ಹೆಸರು ಹೇಳಿ ಎಂದೆ. ತಮ್ಮ ಹೆಸರು, ಹೆಂಡತಿಯ ಹೆಸರು, ಅಪ್ಪನ ಹೆಸರು, ಇಬ್ಬರು ತಮ್ಮಂದಿರು, ಮೂವರು ಮಕ್ಕಳು, ಆಮೇಲೆ ಊರು, ಹೋಬಳಿ, ತಾಲ್ಲೂಕು. ಕಾಗದದ ಮೇಲೆ ಬರೆದು ಚೊಂಬಿಗೆ ಸುತ್ತಿ ತೋರಿಸಿದೆ. ಎರಡು ಸುತ್ತು ಬಂದು ಇನ್ನೂ ಉಳಿಯಿತು. ಯಾರನ್ನಾದರೂ ಬಿಡಬೇಕಾಗುತ್ತದೆ ಎಂದೆ.

ಅವರು ಸ್ಟೂಲಿನ ಮೇಲೆ ಕೂತು ನಿಜಕ್ಕೂ ಸಂಕಟಪಟ್ಟರು. ಅಪ್ಪನನ್ನು ಬಿಟ್ಟರೆ ಊರಿನವರು ಆಡಿಕೊಳ್ಳುತ್ತಾರಂತೆ. ಹೆಂಡತಿಯನ್ನು ಬಿಟ್ಟರೆ ಊಟ ಸಿಗುವುದಿಲ್ಲವಂತೆ. ತಮ್ಮಂದಿರನ್ನು ಬಿಡೋಣವೆಂದರೆ ಬಸ್ ಚಾರ್ಜು ಕೊಟ್ಟು ಕಳಿಸಿದವರೇ ಅವರು. ಕೊನೆಗೆ ಎದ್ದು ನಿಂತರು.

"ಯಾರ್ನೂ ಬುಡಾಕಾಗಾಕಿಲ್ಲ ಕಣ್ರೀ. ಎಲ್ರೂ ಇಡಿಯಂಥ ಪಾತ್ರೆ ತೋರ್ಸಿ."

ಮೂವತ್ತು ಜನಕ್ಕೆ ಅನ್ನ ಬೇಯುವ ತಪ್ಪಲೆ ಹೊತ್ತುಕೊಂಡು ಹೋದರು. ಅಂದಿನಿಂದ ನಾನು ಮೊದಲು ಹೆಸರು ಕೇಳಿ, ಆಮೇಲೆ ಪಾತ್ರೆ ತೋರಿಸುತ್ತೇನೆ.

೪. ಸೊಂಟದ ಪರೀಕ್ಷೆ

ಇಷ್ಟಾದರೂ ಸೀಸನ್ ಮುಗಿಯಲು ಮೂರು ವಾರ ಉಳಿದಾಗ ನನ್ನ ಅರ್ಧ ಮಾಲು ಹಾಗೇ ಇತ್ತು. ಮೊಬೈಲಿನವರು ಒಂದು ದಿನ ಬಂದು ಅಂಗಡಿಯ ಅಳತೆಯನ್ನೂ ತೆಗೆದುಕೊಂಡು ಹೋದರು.

ಅದಾದ ಎರಡು ದಿನಕ್ಕೆ ಪಾಂಡವಪುರದ ಕಡೆಯಿಂದ ಒಬ್ಬ ಅಜ್ಜಿ ಬಂದರು. ಮೊಮ್ಮಗಳ ಮದುವೆ, ಸೋದರಮಾವನ ಕಡೆಯಿಂದ ಹಿತ್ತಾಳೆ ಬಿಂದಿಗೆ ಹೋಗಬೇಕು ಎಂದರು. ಕಿವಿ ಸ್ವಲ್ಪ ಮಂದ. ಮೂರು ಸಾವಿರ ಎನ್ನುವುದನ್ನು ಮೂರು ಸಲ ಕೂಗಬೇಕಾಯಿತು. ಇದ್ದ ಬಿಂದಿಗೆಗಳನ್ನೆಲ್ಲ ಇಳಿಸಿಕೊಂಡು ಒಂದೊಂದನ್ನೇ ಸೊಂಟಕ್ಕೆ ಇಟ್ಟು ನೋಡಿದರು. ಒಂದು ಒಪ್ಪಿತು. ಆಮೇಲೆ ಅದಕ್ಕೆ ನೀರು ತುಂಬಿಸಿ ಎಂದರು. ತುಂಬಿಸಿದೆ. ಅಂಗಡಿಯೊಳಗೆ ನಡೆಯಲು ಜಾಗ ಸಾಲದೆಂದು, ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ರಸ್ತೆಗೇ ಇಳಿದುಬಿಟ್ಟರು. ಕಿಕ್ಕೇರಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸರೆಲ್ಲ ನೋಡತೊಡಗಿದರು. ಅಜ್ಜಿ ಎದುರಿನ ಮಳಿಗೆಯವರೆಗೂ ಹೋಗಿ, ಅಲ್ಲೇ ಆ ಕಡೆ ಈ ಕಡೆ ಓಡಾಡಿದರು.

ಗಾಜಿನ ಬಾಗಿಲು ತೆರೆಯಿತು. ಮಳಿಗೆಯ ಯಜಮಾನರೇ ಓಡಿ ಬಂದು, ಏನವ್ವ ಇದು ಎಂದರು.

ಅಜ್ಜಿ ಅವರ ತಾಯಿ ಎಂದು ನನಗೆ ಗೊತ್ತಾದದ್ದು ಆಗಲೇ. ಒಪ್ಪಿದ ವ್ಯಾಪಾರ ಇನ್ನೇನು ಕೈಬಿಟ್ಟಿತು ಎಂದುಕೊಂಡೆ.

"ಸೊಂಟಕ್ಕೆ ಕೂರ್ತದಾ ನೋಡ್ತಾವ್ನಿ ಕಣ್ಲಾ. ನಿನ್ನಂಗ್ಡೀಲಿ ನೀರ್ ತುಂಬಾಕೆ ಬುಡಾಕಿಲ್ಲ ಅಂದ್ರು ನಿನ್ನ ಹುಡ್ಗೀರು."

ಅಷ್ಟು ಹೇಳಿ ಮಗನ ರಟ್ಟೆ ಹಿಡಿದು ನನ್ನ ಅಂಗಡಿಯ ಮೆಟ್ಟಿಲವರೆಗೂ ಕರೆತಂದರು. ಮದುವೆ ಹುಡುಗಿಯ ಸೋದರಮಾವ ಈ ಯಜಮಾನರೇ ಆದ್ದರಿಂದ ಹಣ ಕೊಡಬೇಕಾದವರೂ ಅವರೇ. ಆಚಾರಪ್ಪ ಮೂರು ಸಾವಿರ ಹೇಳುತ್ತಾನೆ, ನೀನೂ ಇದೇ ವ್ಯಾಪಾರ ಮಾಡುವವನಲ್ಲವೇ, ನಿನ್ನ ಅಂಗಡಿಯಲ್ಲಿ ಇದು ಎಷ್ಟು ಎಂದು ಅಜ್ಜಿ ಮಗನನ್ನು ಕೇಳಿದರು. ಹೆಂಗಸರೂ ಹತ್ತಿರ ಬಂದು ಸುತ್ತ ನಿಂತರು.

ಯಜಮಾನರು ನನ್ನನ್ನು ನೋಡಿದರು, ನೆಲ ನೋಡಿದರು, ತುಟಿಯಲ್ಲೇ ಏನೋ ಅಂದರು. ಅಜ್ಜಿ ಕಿವಿಗೆ ಅಂಗೈ ಅಡ್ಡ ಹಿಡಿದರು.

"ಜೋರಾಗೇಳ್ಲಾ. ಹೆತ್ತವ್ವಂಗೆ ಸುಳ್ಳೇಳ್ಬ್ಯಾಡ."

"ನಮ್ಮಲ್ಲಿ ಇನ್ನೂ ಇನ್ನೂರು ಜಾಸ್ತಿ ಕಣವ್ವಾ" ಎಂದು ಅವರು ಕೂಗಿದ್ದು ಬಸ್ ನಿಲ್ದಾಣದವರೆಗೂ ಕೇಳಿತು.

ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಕಿಕ್ಕೇರಿ ಬಸ್ಸು ಬಂದು, ಹಾರನ್ ಹೊಡೆದು, ಖಾಲಿಯೇ ಹೋಯಿತು. ಹೆಂಗಸರೆಲ್ಲ ನನ್ನ ಅಂಗಡಿಯೊಳಗಿದ್ದರು, ಒಬ್ಬೊಬ್ಬರ ಸೊಂಟದಲ್ಲೂ ಒಂದೊಂದು ಬಿಂದಿಗೆ. ಆ ಗದ್ದಲದಲ್ಲೇ, ಗಲ್ಲಾದಲ್ಲಿ ಕೂತಿದ್ದ ಹೆಂಡತಿಯ ಹತ್ತಿರ ಹೋಗಿ, ಬಾಗಿಲು ಹಾಕೋಣವೇನೇ ಎಂದು ಕೇಳಿದೆ.

ಮೊದಲು ಹೋಗಿ ನೀರು ತನ್ನಿ ಎಂದಳು.