ಅತ್ತೆಯ ಉಸಿರೂ ನನ್ನ ಇಂಟರ್‌ನೆಟ್ಟೂ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಜಗಳವಾಡದೆ ಬಿಟ್ಟ ಡಾಕ್ಟರು ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಉಳಿದಿದ್ದರೆ, ಅವರಿನ್ನೂ ಓದು ಮುಗಿಸಿರಲಿಲ್ಲ ಎಂದೇ ಅರ್ಥ. ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲೇ, "ನಿಮ್ಮ ಬಿಪಿ ಎಷ್ಟೈತ್ರಿ?" ಎಂದು ಅವರನ್ನೇ ವಿಚಾರಿಸುವವಳು. ಇಂಥವಳಿಗೆ ಇಂಟರ್‌ನೆಟ್ ಸಲಹೆಗಾರನಾಗಿ ನಾನು ನೇಮಕಗೊಂಡೆ. ನೇಮಿಸಿದವನೂ ನಾನೇ.

ಊರಲ್ಲಿ ಸೈಬರ್ ಕೆಫೆಗಳು ಜೋರಾಗಿದ್ದ ಕಾಲ. ನಾಲ್ಕು ಮೆಟ್ಟಿಲು ಹತ್ತಿದರೆ ಅತ್ತೆಗೆ ಏದುಸಿರು, ಸಂಜೆಯಾದರೆ ಕಾಲಿಗೆ ಬಾವು. ವಿದ್ಯಾನಗರದ ಹೃದಯತಜ್ಞರು ಎಲ್ಲ ಪರೀಕ್ಷೆ ಮಾಡಿಸಿ, ಪಲ್ಮನರಿ ಹೈಪರ್‌ಟೆನ್ಷನ್ ಎಂದರು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದೆ ಎಂದು ಚಿತ್ರ ಬರೆದು ತಿಳಿಸಿದರು. ನನಗೆ ತಿಳಿದದ್ದು 'ಟೆನ್ಷನ್' ಒಂದೇ. ಮನೆಗೆ ಬಂದವನೇ ಆಕೆಯ ಧಾರಾವಾಹಿ ಬಂದ್ ಮಾಡಿಸಿದೆ. ಟೆನ್ಷನ್ ಬರುವುದು ಧಾರಾವಾಹಿಯಿಂದಲ್ಲ, ನಿನ್ನಿಂದ ಎಂದು ಅತ್ತೆ ರಿಮೋಟ್ ಕಸಿದುಕೊಂಡಳು.

ಮರುದಿನ ಕೆಫೆಯಲ್ಲಿ ಮೊದಲು ಸಿಕ್ಕ ಪುಟದ ತುಂಬ, ಯಾವುದೋ ಬೇರಿನ ಪುಡಿ ತಿಂದು ಗುಣವಾದವರ ನಗುಮುಖಗಳು. ಓಡಿಬಂದು ಹೇಳಿದೆ. ಪುಡಿ ಮಾರುವವರು ಯಾರು ಎಂದು ಕೇಳಿದಳು. ಅದೇ ಪುಟದವರು ಎಂದೆ. ಆಕೆ ಮುಡಿಯಿಂದ ಅಡಿಯವರೆಗೆ ನನ್ನನ್ನು ನೋಡಿದಳು, ಅಷ್ಟೇ.

ಎರಡನೆಯ ಪುಟ, ಈ ಕಾಯಿಲೆಯವರು ಹೆಚ್ಚು ಕಾಲ ಬದುಕುವುದಿಲ್ಲ ಎಂದಿತು. ಕೆಫೆಯಲ್ಲೇ ಕಣ್ಣೊರೆಸಿಕೊಂಡು, ಸುದ್ದಿಯನ್ನು ಮುಚ್ಚಿಟ್ಟೆ. ಎಷ್ಟು ಚೆನ್ನಾಗಿ ಮುಚ್ಚಿಟ್ಟೆನೆಂದರೆ, ದಿನಾ ಪೇಡೆ ತಂದುಕೊಟ್ಟೆ, ಚಪ್ಪಲಿ ತಂದಿಟ್ಟೆ, ಕೊನೆಗೊಮ್ಮೆ ಚಹಾ ಕುಡಿಯುತ್ತಿದ್ದವಳ ಕಾಲಿಗೇ ಬಿದ್ದೆ!

"ನಾ ಯಾವಾಗ ಸಾಯ್ತೇನಿ ಅಂತ ಬರದಾರ ಅದರಾಗ?" ಅತ್ತೆ ಕಪ್ಪು ಕೆಳಗಿಟ್ಟು ಕೇಳಿದಳು.

ಆ ಪುಟವನ್ನು ಪ್ರಿಂಟ್ ಹಾಕಿಸಿ, ನನ್ನನ್ನು ಡಾಕ್ಟರ ಬಳಿಗೆ ಎಳೆದೊಯ್ದಳು. ಅವರು ಅದರ ಇಸವಿ ತೋರಿಸಿದರು. ಹೊಸ ಔಷಧಿಗಳು ಬರುವ ಮುಂಚೆ ಬರೆದದ್ದು. ಈ ಕಾಯಿಲೆಯಲ್ಲೂ ಹಲವು ಬಗೆ, ಎಲ್ಲರಿಗೂ ಒಂದೇ ಮಾತು ಹೊಂದುವುದಿಲ್ಲ. ಬರೆದವರು ಯಾರು, ಯಾವಾಗ ಬರೆದರು, ಏನಾದರೂ ಮಾರುತ್ತಿದ್ದಾರೆಯೇ ನೋಡಿರಿ. ಏನೇ ಓದಿದರೂ ಗುಳಿಗೆ ಬದಲಿಸುವ ಮೊದಲು ನನ್ನನ್ನು ಕೇಳಿರಿ ಎಂದರು. ರೋಗಿಗಳೇ ಸೇರಿ ನಡೆಸುವ, ವೈದ್ಯರು ಪರಿಶೀಲಿಸುವ ಒಂದು ಜಾಲತಾಣವನ್ನೂ ಹೇಳಿದರು. ಅವರು ಕೊಟ್ಟ ಗುಳಿಗೆಗಳನ್ನು ನುಂಗಿಕೊಂಡು ಅತ್ತೆ ಮುಂದೆ ಹಲವು ವರ್ಷ ನಮ್ಮನ್ನೆಲ್ಲ ಬೈಯುತ್ತ ಬಾಳಿದಳು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಆ ತಾಣದಲ್ಲಿ ರೋಗಿಗಳು ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದರು. ಅತ್ತೆಯನ್ನು ಕೆಫೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳತೊಡಗಿದೆ. ಯಾವುದೋ ದೇಶದ ಹೆಂಗಸೊಬ್ಬಳು ಬರೆದಿದ್ದಳು: ಕಾಯಿಲೆ ಪತ್ತೆಯಾಗುವವರೆಗೆ ಎಲ್ಲರೂ ನನ್ನನ್ನು ಮೈಗಳ್ಳಿ ಎಂದರು, ಬರಬರುತ್ತ ನಾನೂ ಅದನ್ನೇ ನಂಬಿದೆ.

ಅತ್ತೆ ಅದನ್ನು ಇನ್ನೊಮ್ಮೆ ಓದಿಸಿದಳು. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ಬರಿ ಆಕಿಗೆ," ಎಂದಳು ಆಮೇಲೆ. "ನಾನೂ ಹಂಗ ತಿಳಕೊಂಡಿದ್ದೆ, ತಂಗಿ. ನಾವು ಮೈಗಳ್ಳರು ಅಲ್ಲ."

ಟೈಪು ಮಾಡಿದೆ. 'ತಂಗಿ'ಯನ್ನು ಮಾತ್ರ ಇಂಗ್ಲಿಷಿಗೆ ತರಲು ಮನಸ್ಸಾಗದೆ, ಪದವನ್ನು ಹಾಗೇ ಇಟ್ಟು ಪಕ್ಕದಲ್ಲಿ ಅರ್ಥ ಬರೆದೆ. ಮುಂದಿನ ವಾರ ಉತ್ತರ ಬಂತು. ಕೊನೆಯಲ್ಲಿ, ಹೆಸರಿರಬೇಕಾದ ಜಾಗದಲ್ಲಿ ಆಕೆ ಬರೆದಿದ್ದಳು: ನಿಮ್ಮ ತಂಗಿ.