ರಾಧಾ ರೋಜಾ ಡಿಸೈನ್

ಎರಡು ಹೆಸರಿನ ನಡುವಿನ ಖಾಲಿ ಜಾಗ ಮನುಷ್ಯನ ಅನ್ನಕ್ಕೇ ಕಲ್ಲು ಹಾಕುತ್ತದೆ ಎಂದರೆ ಯಾರು ನಂಬುತ್ತಾರೆ? ಎಡಪ್ಪಾಡಿಯ ಸತೀಶ್‌ಕುಮಾರ್ ನಂಬುತ್ತಾನೆ.

ಗೋಪಾಲಪ್ಪನ ಸೀರೆ ಕಾರ್ಖಾನೆಯಲ್ಲಿ ಅವನದು ಕಂಪ್ಯೂಟರ್ ಕೆಲಸ. ಡಿಸೈನಿಗೆ ಮನೆಯ ಹೆಂಗಸರ ಹೆಸರಿಡುವುದು ಅಲ್ಲಿನ ಪದ್ಧತಿ. ದೊಡ್ಡ ಸೊಸೆ ರಾಧಾ ಹೆಸರಿನದೊಂದು, ಚಿಕ್ಕ ಸೊಸೆ ರೋಜಾ ಹೆಸರಿನದೊಂದು ಇದ್ದವು. ಯಾರದು ಹೆಚ್ಚು ಚೆಂದವೆಂದು ಇಬ್ಬರೂ ಹಾವು ಮುಂಗುಸಿಯಾದಾಗ ಮಾವ ಎರಡನ್ನೂ ನಿಲ್ಲಿಸಿ, 'ರಾಧಾ ರೋಜಾ' ಎಂಬ ಹೊಸದನ್ನು ಮಾಡಿಸಿದ.

ಅದನ್ನು ಮಗ್ಗಗಳಿಗೆ ಕಳಿಸಲು ಸತೀಶ್ ಕಂಪ್ಯೂಟರಿಗೆ ಆಜ್ಞೆ ಕೊಡುವ ಒಂದು ಸ್ಕ್ರಿಪ್ಟ್ ಬರೆದ; ಡಿಸೈನಿನ ಹೆಸರು ಬಂದು ಕೂರಬೇಕಾದಲ್ಲಿ ಡಾಲರ್ ಗುರುತಿನ ಸಂಕೇತ ಇಟ್ಟ. ಅವನ ಲ್ಯಾಪ್‌ಟಾಪಿನ ಶೆಲ್, ಅಂದರೆ ಆಜ್ಞೆ ಓದಿ ನಡೆಸುವ ಭಾಗ, ಹೆಸರನ್ನು ಇಡಿಯಾಗಿಯೇ ತೆಗೆದುಕೊಂಡಿತು. ಕಾರ್ಖಾನೆಯ ಹಳೇ ಕಂಪ್ಯೂಟರಿನ ಶೆಲ್ ಬೇರೆ ಜಾತಿಯದು. ಸುತ್ತ ಕೋಟ್ ಚಿಹ್ನೆ ಇಲ್ಲದ್ದನ್ನು ಕಂಡು ಹೆಸರನ್ನು ನಡುವೆ ಕತ್ತರಿಸಿತು. ಬೆಳಿಗ್ಗೆ ಒಂದು ಮಗ್ಗದಲ್ಲಿ ಹಳೇ ರಾಧಾ, ಇನ್ನೊಂದರಲ್ಲಿ ಹಳೇ ರೋಜಾ.

"ಏನ್ಲಾ, ಮನೆ ಒಡೆಯಾಕೆ ಬಂದೀಯಾ? ಸಾಯಂಕಾಲದೊಳ್ಗೆ ಸೇರ್ಸು. ಇಲ್ದಿದ್ರೆ ನಾಳೆ ಬರಬ್ಯಾಡ," ಎಂದ ಗೋಪಾಲಪ್ಪ.

"ಮೊದ್ಲಾಳಿ, ನಡುವೆ ಜಾಗ ಬಿಡ್ದೆ ಹೆಸ್ರು ಬರೀಲಾ?" ಎಂದು ಮಾಲೀಕನನ್ನು ಕೇಳಿದ ಸತೀಶ್.

"ಪೂಜೆ ಮಾಡಿ ಇಟ್ಟ ಹೆಸ್ರು ಅದು. ಮುಟ್ಟಿದ್ರೆ ನೋಡು."

ಸತೀಶನಿಗೆ ಮೈಯೆಲ್ಲ ಉರಿಯಿತು. ಓಬೀರಾಯನ ಕಾಲದ ಕಂಪ್ಯೂಟರ್ ಇಟ್ಟುಕೊಂಡವರು ಅವರು, ಬೈಸಿಕೊಳ್ಳುವವನು ತಾನು. ಯಾವ ನ್ಯಾಯ ಇದು?

ಪಕ್ಕದ ಕಾರ್ಖಾನೆಯ ಪಳನಿಸ್ವಾಮಿ ಇಣುಕಿದ. "ಸಿಂಗಲ್ ಕೋಟ್ ಪೋಡು ತಂಬಿ. ನಮ್ ಅಳಿಯ ಅಂಗೇ ಆಕೋದು."

ಹಾಕಿದ. ಸಿಂಗಲ್ ಕೋಟ್ ಒಳಗಿದ್ದುದನ್ನು ಶೆಲ್ ಇದ್ದ ಹಾಗೇ ಓದಿ, ಆ ಡಾಲರ್ ಗುರುತಿನ ಸಂಕೇತವೇ ಹೆಸರೆಂದುಕೊಂಡು ಅಂಥ ಡಿಸೈನ್ ಹುಡುಕತೊಡಗಿತು. ಎರಡು ಮಗ್ಗಗಳೂ ನಿಂತವು. ಪಳನಿಸ್ವಾಮಿ ಮೆಲ್ಲಗೆ ಟೀ ಕುಡಿಯಲು ಹೋದ.

"ಇದ್ದಿದ್ದೂ ಓಯ್ತಲ್ಲೋ," ಎಂದಳು ನೇಯುವ ಮಂಜುಳಮ್ಮ.

ಸತೀಶ್ ಊಟ ಬಿಟ್ಟು ಕೂತ. ಡಬಲ್ ಕೋಟ್ ಹಾಕಿ, ಹಳೇ ಕಂಪ್ಯೂಟರಿನಲ್ಲೂ ತನ್ನದರಲ್ಲೂ ಓಡಿಸಿ ನೋಡಿದ. ಎರಡೂ ಸಂಕೇತದ ಜಾಗಕ್ಕೆ ಹೆಸರನ್ನು ತುಂಬಿ, ಒಡೆಯದೆ ಇಡಿಯಾಗಿ ಓದಿದವು. ಸಂಜೆಗೆ ಎರಡು ಮಗ್ಗದಲ್ಲೂ 'ರಾಧಾ ರೋಜಾ' ಇಳಿಯತೊಡಗಿತು. ಗೋಪಾಲಪ್ಪ ಬೆನ್ನು ತಟ್ಟಿದ.

ಅಷ್ಟರಲ್ಲಿ ಸೊಸೆಯರು ಬಂದರು. ಬೆಳಿಗ್ಗೆಯೇ ಇಬ್ಬರೂ ತಮ್ಮ ತಮ್ಮ ಸೀರೆಯ ಫೋಟೋವನ್ನು ತವರಿಗೆಲ್ಲ ಕಳಿಸಿಯಾಗಿತ್ತು.

"ನನ್ ಸೀರೆ ನಿಲ್ಸಿದ್ದು ಯಾರು ಮಾವ?" ಎಂದಳು ರಾಧಾ.

"ಇವ್ಳ ಜೊತೆ ನನ್ನ ಮತ್ತೆ ಸೇರ್ಸಿದ್ದು ಯಾರು?" ಎಂದಳು ರೋಜಾ.

ಗೋಪಾಲಪ್ಪ ಸೂರು ನೋಡಿದ. "ನಾನೇನೂ ಏಳಿಲ್ಲಮ್ಮ. ಈ ಕಂಪ್ಯೂಟರ್ ಉಡ್ಗನೇ ಸೇರ್ಸವ್ನೆ."

"ಅಂಗಾರೆ ಅವನ್ನ ಕೆಲ್ಸದಿಂದ ಕಳ್ಸಿ," ಎಂದರು ಇಬ್ಬರೂ ಒಟ್ಟಿಗೆ.

ಆ ಮನೆ ಹೊಕ್ಕಂದಿನಿಂದ ಸೊಸೆಯರು ಒಂದೇ ಮಾತಾಡಿದ್ದು ಅದೇ ಮೊದಲು. ಗೋಪಾಲಪ್ಪನ ಕಣ್ಣು ತುಂಬಿ ಬಂತು.

"ಓಗಪ್ಪ ಸತೀಶ," ಎಂದ, "ನಿನ್ನಿಂದ ಮನೆ ಒಂದಾಯ್ತು."