ಹೊಸಬರಿಗೆ ಕಾಗದದ ಕಪ್ಪು

ಸಾಲಾಗಿ ನಿಲ್ಲಿಸಿದರೆ ಮನುಷ್ಯರು ಒಂದಾಗುತ್ತಾರೆ ಎಂದು ನಂಬಿಕೊಂಡೇ ನಾನು ಮುದುಕನಾದೆ. ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನಿಗೆ ಬೇರೆ ನಂಬಿಕೆ ಎಲ್ಲಿಂದ ಬರಬೇಕು? ನಮ್ಮ ಮನೆಯಲ್ಲಿ ಚಪ್ಪಲಿಗಳು ಕೂಡ ಗೋಡೆಗೆ ಹಿಮ್ಮಡಿ ಹಚ್ಚಿ ನಿಲ್ಲುತ್ತವೆ. ಹೆಂಡತಿ ಒಬ್ಬಳೇ ಇನ್ನೂ ಸಾಲಿಗೆ ಬಂದಿಲ್ಲ. ಹೀಗಾಗಿ, ಶಿಗ್ಗಾಂವಿಯ ನಮ್ಮ ಸಣ್ಣ ಸಭೆಗೆ ಒಮ್ಮೆ ಬಂದವರು ಮತ್ತೆ ಬರುವುದಿಲ್ಲ, ಸ್ವಾಗತದ ಕೆಲಸ ನೀವೇ ನೋಡಿಕೊಳ್ಳಿ ಎಂದು ಪಾಸ್ಟರು ಹೇಳಿದಾಗ ನಾನು ಪ್ರೀತಿಗೂ ಒಂದು ಕವಾಯತು ರೂಪಿಸಿದೆ. ಬಾಗಿಲಲ್ಲಿ ಒಬ್ಬರು ಕೈಮುಗಿಯಬೇಕು, ಒಬ್ಬರು ಹಾಡಿನ ಪುಸ್ತಕ ಕೊಡಬೇಕು, ಆರಾಧನೆ ಮುಗಿದ ಮೇಲೆ ಚಹಾ. ಸಭೆಯ ಸ್ಟೀಲ್ ಲೋಟಗಳು ಸಾಲುತ್ತಿರಲಿಲ್ಲ. ನಾವು ಕುಡಿದು ತೊಳೆದಿಟ್ಟದ್ದನ್ನು ಅತಿಥಿಗೆ ಕೊಡುವುದೂ ಸರಿಯಲ್ಲವೆನಿಸಿ, ಹೊಸಬರಿಗೆ ಕಾಗದದ ಕಪ್ಪು ಎಂದು ಗೊತ್ತುಮಾಡಿದೆ. ಮರ್ಯಾದೆ ಎಂದೇ ಮಾಡಿದ್ದು.

ಆಗ ಬಂದವಳು ಗಂಗವ್ವ. ಹಿರೇಬೆಂಡಿಗೇರಿಯವಳು, ಹೊಲಿಗೆ ಯಂತ್ರ ಕಟ್ಟಿಕೊಂಡು ಪೇಟೆಗೆ ಬಂದು ನೆಲೆಸಿದವಳು. ನನ್ನ ಹೆಂಡತಿ ಅವಳ ಪಕ್ಕ ಕುಳಿತು, ಅಕ್ಕರೆಯಿಂದಲೇ, ಊರಲ್ಲಿ ನಿಮ್ಮದು ಯಾವ ಓಣಿ ಎಂದು ಕೇಳಿದಳು. ನಮ್ಮ ಕಡೆ ಇದು ಉಪಚಾರದ ಮಾತು. ಓಣಿ ತಿಳಿದರೆ ಜಾತಿ ಕೇಳುವ ಒರಟುತನ ತಪ್ಪುತ್ತದೆ.

"ಕಡೀ ಓಣಿರಿ, ಅಕ್ಕಾರ," ಎಂದಳು ಗಂಗವ್ವ. ಊರಂಚಿನ ಆ ಓಣಿ ಯಾರದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಹೆಂಡತಿ "ಹೌದನ್ರಿ" ಎಂದು ಹಾಡಿನ ಪುಸ್ತಕಗಳನ್ನು ಜೋಡಿಸತೊಡಗಿದಳು. ಅಷ್ಟರಲ್ಲೇ ನನ್ನ ಕಾಗದದ ಕಪ್ಪು ಗಂಗವ್ವನನ್ನು ತಲುಪಿತು. ಅವಳು ಸುತ್ತಲಿನವರ ಕೈಗಳನ್ನು ನೋಡಿದಳು, ಕುಡಿದಳು, ಹೊರಗೆ ಹೋಗಿ ಕಪ್ಪನ್ನು ತಾನೇ ಎಸೆದು ಬಂದಳು.

ಮರುವಾರ ಅವಳು ಚೀಲದಿಂದ ಸ್ವಂತ ಲೋಟ ತೆಗೆದಳು. ಶಿಸ್ತು ಎಂದರೆ ಇದು, ನೋಡಿ ಕಲಿಯಿರಿ ಎಂದು ನಾನು ಎಲ್ಲರೆದುರು ಹೊಗಳಿದೆ. ಆಕೆ ದನಿ ಏರಿಸಲಿಲ್ಲ.

"ಶಿಸ್ತಲ್ರಿ, ಸರ. ನಮ್ಮೂರ ಹೋಟೆಲಿನ್ಯಾಗ ನಮಗ ಲೋಟ ಬ್ಯಾರೆ ಇಡ್ತಿದ್ರು. ಇಲ್ಲೂ ಹಂಗ ಅಂತ ತಿಳದು ನಾನ ತಂದೇನ್ರಿ."

ಆ ಕ್ಷಣ ನನ್ನ ಕೈಯ ಲೋಟವನ್ನು ಅವಳಿಗೆ ಕೊಟ್ಟು ಪಕ್ಕದಲ್ಲಿ ಕುಳಿತಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಬರುವುದು ಆಜ್ಞೆ ಮಾಡುವುದೊಂದೇ. ಮುಂದಿನ ವಾರದಿಂದ ಎಲ್ಲರಿಗೂ ಕಾಗದದ ಕಪ್ಪೇ ಎಂದು ಸಾರಿದೆ. ಸಭೆ ಗಟ್ಟಿಯಾಗಿ ಆಮೆನ್ ಎಂದಿತು.

ಮರು ಭಾನುವಾರ ಚಹಾ ಬಂದ ಕೂಡಲೇ ನನ್ನ ಹೆಂಡತಿ ಚೀಲದಿಂದ ಎರಡು ಲೋಟ ತೆಗೆದು ಒಂದನ್ನು ನನ್ನ ಕೈಗೆ ತುರುಕಿದಳು. ಕಾಗದದಲ್ಲಿ ಚಹಾ ಮೇಣದ ವಾಸನೆ ಹೊಡೆಯುತ್ತದಂತೆ. ತಿರುಗಿ ನೋಡಿದೆ. ಎಲ್ಲ ಚೀಲಗಳಿಂದಲೂ ಹೆಸರು ಕೊರೆಸಿದ ಸ್ಟೀಲ್ ಲೋಟಗಳು ಹೊರಬರುತ್ತಿದ್ದವು. ಇಡೀ ಸಭೆಯಲ್ಲಿ ನನ್ನ ಮಾತು ನಂಬಿ ಬರಿಗೈಯಲ್ಲಿ ಬಂದವಳು ಗಂಗವ್ವ ಒಬ್ಬಳೇ. ಕಾಗದದ ಕಪ್ಪು ಮತ್ತೆ ಅವಳೊಬ್ಬಳ ಕೈಯಲ್ಲಿತ್ತು. ಅವಳು ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳಿದಳು.

"ಇರ್ಲಿ ಬಿಡ್ರಿ, ಸರ. ನನಗ ಚಹಾ ಅಷ್ಟ ಸೇರೂದಿಲ್ಲ."

ಈಗಲೂ ಬರುತ್ತಾಳೆ. ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಾಳೆ, ಆಶೀರ್ವಾದ ಮುಗಿದೊಡನೆ ಎದ್ದು ಹೋಗುತ್ತಾಳೆ. ಅವಳು ಮಂದಿಯೊಂದಿಗೆ ಬೆರೆಯುವುದಿಲ್ಲ ಎಂದು ನಮ್ಮವರು ಮರುಗುತ್ತಾರೆ. ಪಾಸ್ಟರು ಕೇಳಿದರೆ ಸ್ವಾಗತ ಅಚ್ಚುಕಟ್ಟಾಗಿ ನಡೆದಿದೆ ಎನ್ನುತ್ತೇನೆ. ಪ್ರತಿ ವಾರ ಕಿಟ್ಲಿಯಲ್ಲಿ ಒಬ್ಬರ ಪಾಲಿನ ಚಹಾ ಉಳಿಯುತ್ತದೆ. ಚೆಲ್ಲುವುದು ನನಗೆ ಒಗ್ಗದು. ಅದನ್ನೂ ನಾನೇ ಕುಡಿಯುತ್ತೇನೆ.